ಪುಸ್ತಕಕ್ಕೊಂದು ಗೋಡೆ

ಕಳೆದ ಶ್ರಾವಣ ಮಾಸದಲ್ಲಿ, ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ ಈಗ ಉನ್ನತ ಉದ್ಯೋಗದಲ್ಲಿರುವ ಭಕ್ತರೊಬ್ಬರು ದರ್ಶನಕ್ಕೆಂದು ಬಂದಿದ್ದರು. ಕೈಯಲ್ಲಿ ಹೊಸ ಮನೆಯ ನಕ್ಷೆಯಿತ್ತು. ಅದನ್ನು ನಮ್ಮ ಮುಂದೆ ಹಾಸಿ ಪೂಜಾಗೃಹವೆಲ್ಲಿ, ಅಡಿಗೆಮನೆಯೆಲ್ಲಿ, ವಾಹನ ನಿಲ್ಲಿಸುವ ಸ್ಥಳವೆಲ್ಲಿ, ಬಾಗಿಲ ಬಳಿ ಚಪ್ಪಲಿಯ ಗೂಡು ಎಲ್ಲಿ ಎಂಬುದನ್ನೆಲ್ಲ ಸಂತೋಷದಿಂದ ತೋರಿಸಿದರು. ಕೊನೆಗೆ ತುಸು ಸಂಕೋಚದಿಂದ, "ಬುದ್ಧೀ, ನಮ್ಮ ತಂದೆಯವರ ಪುಸ್ತಕ ಹನ್ನೊಂದು ಮೂಟೆ ಇವೆ. ಹೊಸ ಮನೆಯಲ್ಲಿ ಅವಕ್ಕೆ ಜಾಗ ಇಲ್ಲ. ಮಠಕ್ಕೆ ಒಪ್ಪಿಸಿಬಿಡೋಣ ಅಂತ ಬಂದೆ" ಎಂದರು.

"ಚಪ್ಪಲಿಗೆ ಜಾಗ ಮಾಡಿದ್ದೀರಲ್ಲ?" ಎಂಬ ಮಾತು ನಮ್ಮ ಬಾಯಿಂದ ಬಂದುಹೋಯಿತು. ಅವರು ತಲೆ ತಗ್ಗಿಸಿದರು. ಅವರು ಹೋದ ಮೇಲೆ ನಮಗೂ ನೆಮ್ಮದಿಯಾಗಲಿಲ್ಲ. ಹಾಗೆ ಕೇಳುವ ಅಧಿಕಾರ ನಮಗೆ ಪೂರ್ಣವಾಗಿ ಇರಲಿಲ್ಲ. ಏಕೆಂಬುದನ್ನು ಮುಂದೆ ನಿವೇದಿಸುತ್ತೇವೆ.

ಓದುಗರೇ, ಇದು ಒಬ್ಬ ಭಕ್ತರ ಕಥೆಯಲ್ಲ. ಓದುತ್ತಿದ್ದ ಹಿರಿಯರು ಲಿಂಗೈಕ್ಯರಾದ ಮೇಲೆ ಅವರ ಪುಸ್ತಕಗಳು ಮೂಟೆಗಳಾಗಿ ಮಠದ ಬಾಗಿಲಿಗೆ ಬರುವುದು ಪ್ರತಿವರ್ಷವೂ ನಡೆಯುತ್ತಿದೆ. ಮಠಕ್ಕೆ ಬರುವವು ಪುಣ್ಯ ಮಾಡಿದವು. ಉಳಿದವು ಹಳೆಯ ಕಾಗದದ ವ್ಯಾಪಾರಿಯ ತಕ್ಕಡಿಯನ್ನು ಸೇರುತ್ತವೆ. ಮಕ್ಕಳಲ್ಲಿ ಭಕ್ತಿಯಿಲ್ಲವೆಂದಾಗಲಿ ವಿದ್ಯೆಯಿಲ್ಲವೆಂದಾಗಲಿ ಇದರ ಅರ್ಥವಲ್ಲ. ಮನೆ ಕಟ್ಟುವಾಗ ಪುಸ್ತಕಕ್ಕೆ ಒಂದು ಗೋಡೆಯನ್ನು ಯಾರೂ ಅಳೆದಿರಲಿಲ್ಲ, ಅಷ್ಟೆ. ಈ ಚಿಕ್ಕ ಉಪೇಕ್ಷೆಯಿಂದ ಎಂತಹ ನಷ್ಟವಾಗುತ್ತದೆ, ಚಿಕ್ಕ ಎಚ್ಚರದಿಂದ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷ್ಯಗಳಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಪರಾಮರ್ಶಿಸೋಣ.

ಮಲಗಿದ್ದ ಪುಸ್ತಕ

ನಮ್ಮ ಪೂರ್ವಿಕರ ಮನೆಗಳಲ್ಲಿ ಪುಸ್ತಕದ ಕಪಾಟು ಇರಲಿಲ್ಲ. ಅವರಿಗೆ ವಿದ್ಯೆಯಲ್ಲಿ ಆದರವಿರಲಿಲ್ಲವೆಂದು ಇದರಿಂದ ಭಾವಿಸಬಾರದು. ಅವರ ಪುಸ್ತಕವು ನಿಲ್ಲುವ ಪುಸ್ತಕವೇ ಆಗಿರಲಿಲ್ಲ. ತಾಳೆಯ ಗರಿಯನ್ನೋ ಶ್ರೀತಾಳದ ಗರಿಯನ್ನೋ ಹದಮಾಡಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಮಸಿ ತೊಡೆದು, ರಂಧ್ರದಲ್ಲಿ ದಾರ ಪೋಣಿಸಿ, ಕೆಳಗೊಂದು ಮೇಲೊಂದು ಮರದ ಹಲಗೆಯಿಟ್ಟು ಬಿಗಿದು, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಆ ಕಟ್ಟಿಗೆ ಮಲಗುವುದೇ ಸಹಜವಾದ ಸ್ಥಿತಿ. ಪೆಟ್ಟಿಗೆ, ಗೋಡೆಯ ಗೂಡು, ಅಟ್ಟ, ದೇವರಮನೆಯ ಜಗುಲಿ ಇವೇ ಅದರ ನೆಲೆಗಳು. ಕಾಲಕಾಲಕ್ಕೆ ಬಿಚ್ಚಿ, ಧೂಳು ಒರೆಸಿ, ಎಣ್ಣೆ ಸವರಿ, ಬಜೆ ಬೇವುಗಳನ್ನು ಜೊತೆಗಿಟ್ಟು ಮತ್ತೆ ಕಟ್ಟುವ ಕೈ ಮನೆಯಲ್ಲಿ ಇರುವವರೆಗೆ ಈ ಏರ್ಪಾಡು ಚೆನ್ನಾಗಿಯೇ ನಡೆಯಿತು. ಆ ಕೈ ಇಲ್ಲವಾದಂದು ಪೆಟ್ಟಿಗೆಯೇ ಸಮಾಧಿಯಾಯಿತು.

ಹೀಗೆ ಮರೆಯಲ್ಲಿದ್ದುದು ಬೆಳಕಿಗೆ ಬಂದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ಉದಾಹರಣೆಗಳಿವೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ಒಪ್ಪಿಸಿದರು. ಅಲ್ಲಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಶೀಲಿಸಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು 1905ರಲ್ಲಿ ಲೋಕಕ್ಕೆ ತಿಳಿಸಿ, 1909ರಲ್ಲಿ ಮುದ್ರಿಸಿದರು. ಪ್ರಾಚೀನ ಭಾರತದ ರಾಜನೀತಿಯನ್ನು ಕುರಿತು ಜಗತ್ತಿಗಿದ್ದ ಅಭಿಪ್ರಾಯವೇ ಅದರಿಂದ ಬದಲಾಯಿತು. ಎರಡನೆಯದು ಫ. ಗು. ಹಳಕಟ್ಟಿಯವರದು. ವಕೀಲ ವೃತ್ತಿಯಲ್ಲಿದ್ದ ಅವರು ಊರೂರು ಅಲೆದು, ಮನೆಮನೆಯ ಮೂಲೆಗಳಲ್ಲಿದ್ದ ವಚನಗಳ ಓಲೆಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದುದು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದುದು ಈ ಪತ್ರಿಕೆಯ ಓದುಗರಿಗೆ ಹೊಸ ವಿಷಯವೇನಲ್ಲ. ಅವರು ಹೋಗಿ ಕೇಳಿದ ಮನೆಗಳಲ್ಲಿ ಇದ್ದದ್ದು ನಮಗೆ ದಕ್ಕಿತು. ಅವರು ಹೋಗುವ ಮೊದಲೇ ಗೆದ್ದಲಿಗೆ ಆಹಾರವಾದದ್ದೆಷ್ಟೋ, ಅದರ ಲೆಕ್ಕವನ್ನು ಇನ್ನು ಯಾರೂ ಹೇಳಲಾರರು.

1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಆರಂಭವಾಯಿತು. ಅಲ್ಲಿಂದ ಮುಂದೆ ರಟ್ಟು ಕಟ್ಟಿದ, ಬೆನ್ನಿರುವ, ನೆಟ್ಟಗೆ ನಿಲ್ಲುವ ಪುಸ್ತಕ ನಮ್ಮ ಮನೆಗಳನ್ನು ಪ್ರವೇಶಿಸಿತು. ಪುಸ್ತಕವೇನೋ ಬಂದಿತು, ಅದನ್ನು ಇರಿಸುವ ಕ್ರಮ ಮಾತ್ರ ನಮ್ಮಲ್ಲಿ ಹಳೆಯದೇ ಆಗಿ ಉಳಿಯಿತು. ಇಂದಿಗೂ ಅಚ್ಚಿನ ಪುಸ್ತಕವನ್ನು ಮೂಟೆ ಕಟ್ಟಿ ಅಟ್ಟಕ್ಕೆ ಏರಿಸುತ್ತೇವೆ. ನಿಲ್ಲುವ ಪುಸ್ತಕಕ್ಕೆ ಹಲಗೆ ಬೇಕೆಂಬ ಅರಿವು ಪಶ್ಚಿಮ ದೇಶಗಳಲ್ಲಿ ಹೇಗೆ ಬೆಳೆಯಿತೆಂಬುದನ್ನು ಈಗ ನೋಡೋಣ.

ರೋಮಿನ ಗೃಹಸ್ಥರು

ಕ್ರಿ. ಪೂ. 56ರಲ್ಲಿ ರೋಮಿನ ಪ್ರಸಿದ್ಧ ವಾಗ್ಮಿ ಸಿಸೆರೊ, ಆಂಟಿಯಂ ಎಂಬಲ್ಲಿದ್ದ ತನ್ನ ಮನೆಯಿಂದ ಮಿತ್ರನಾದ ಆಟಿಕಸ್‌ನಿಗೆ ಪತ್ರಗಳನ್ನು ಬರೆದನು. ಅವನು ದೇಶಭ್ರಷ್ಟನಾಗಿ ಹಿಂದಿರುಗಿದ್ದ ಕಾಲವದು. ಅವನ ಪುಸ್ತಕಗಳು ಚೆಲ್ಲಾಪಿಲ್ಲಿಯಾಗಿದ್ದವು. ಟಿರಾನಿಯೊ ಎಂಬ ಪಂಡಿತನು ಬಂದು ಅವನ್ನು ವಿಂಗಡಿಸಿದನು. ಆಟಿಕಸ್ ತನ್ನ ಕೆಲಸಗಾರರಿಬ್ಬರನ್ನು ಕಳುಹಿಸಿ ಹಲಗೆಗಳನ್ನು ಕೂಡಿಸಿಕೊಟ್ಟನು, ಹೆಸರಿನ ಚೀಟಿಗಳನ್ನು ಅಂಟಿಸಿಕೊಟ್ಟನು. ಪುಸ್ತಕಗಳು ಅವುಗಳ ಸ್ಥಾನದಲ್ಲಿ ಕುಳಿತ ಮೇಲೆ ತನ್ನ ಮನೆಗೆ ಚೈತನ್ಯ ಬಂದಂತಾಯಿತೆಂಬ ಭಾವವನ್ನು ಸಿಸೆರೊ ಆ ಪತ್ರದಲ್ಲಿ ವ್ಯಕ್ತಪಡಿಸಿದ್ದಾನೆ. ಅಂದಿನ ಪುಸ್ತಕ ಸುರುಳಿಯ ರೂಪದ್ದು. ಆದರೂ ಗಮನಿಸಿರಿ: ವಿಂಗಡಣೆ, ಹಲಗೆ, ಹೆಸರಿನ ಚೀಟಿ—ಮನೆಯ ಗ್ರಂಥಾಲಯಕ್ಕೆ ಬೇಕಾದ ಮೂರೂ ಅಂಗಗಳು ಎರಡು ಸಾವಿರ ವರ್ಷಗಳ ಹಿಂದಿನ ಆ ಮನೆಯಲ್ಲಿ ಇದ್ದವು.

ಅದೇ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಆರನೆಯ ಭಾಗದಲ್ಲಿ ಗ್ರಂಥಾಲಯದ ಕೋಣೆ ಪೂರ್ವಾಭಿಮುಖವಾಗಿರಬೇಕೆಂದು ವಿಧಿಸಿದ್ದಾನೆ. ಬೆಳಗಿನ ಬೆಳಕು ದೊರೆಯುವುದು ಒಂದು ಕಾರಣ. ದಕ್ಷಿಣಕ್ಕೂ ಪಶ್ಚಿಮಕ್ಕೂ ಮುಖವಿದ್ದರೆ ತೇವದ ಗಾಳಿ ಬಂದು ಹುಳು ಹುಟ್ಟಿ ಪುಸ್ತಕ ಹಾಳಾಗುವುದೆಂಬುದು ಇನ್ನೊಂದು ಕಾರಣ. ಇದು ಇಟಲಿಯ ಹವೆಯನ್ನು ಕುರಿತ ಮಾತು. ನಮ್ಮ ಮುಂಗಾರೂ ನೈಋತ್ಯದಿಂದಲೇ ಬೀಸುವುದರಿಂದ ಈ ವಿಧಿ ನಮಗೂ ಅಕ್ಷರಶಃ ಅನ್ವಯಿಸುತ್ತದೆ. ಮನೆ ಕಟ್ಟುವಾಗ ವಾಸ್ತುವನ್ನು ವಿಚಾರಿಸದವರು ನಮ್ಮಲ್ಲಿ ವಿರಳ. ಈ ವಾಸ್ತುವನ್ನು ವಿಚಾರಿಸಿದವರು ಅದಕ್ಕಿಂತಲೂ ವಿರಳ.

ದೋಷವನ್ನು ಎತ್ತಿ ತೋರಿದವರೂ ಅಲ್ಲಿ ಇದ್ದರು. ಕ್ರಿ. ಶ. ಮೊದಲನೆಯ ಶತಮಾನದ ತತ್ತ್ವಜ್ಞ ಸೆನೆಕ, ಸೂರಿನವರೆಗೆ ಹಲಗೆ ಕಟ್ಟಿಸಿ ಪುಸ್ತಕ ತುಂಬಿ, ಒಂದನ್ನೂ ಓದದೆ ಭೋಜನಶಾಲೆಯ ಅಲಂಕಾರದಂತೆ ಇಟ್ಟುಕೊಂಡ ಶ್ರೀಮಂತರನ್ನು ಕಟುವಾಗಿ ಖಂಡಿಸಿದ್ದಾನೆ. ಕಪಾಟು ಹುಟ್ಟಿದೊಡನೆಯೇ ಕಪಾಟಿನ ಡಂಭವೂ ಹುಟ್ಟಿತೆಂದು ಇದರಿಂದ ತಿಳಿಯುತ್ತದೆ.

ಪೆಟ್ಟಿಗೆ ಮತ್ತು ಸರಪಣಿ

ಸುರುಳಿ ಹೋಗಿ, ಹಾಳೆಗಳನ್ನು ಹೊಲಿದ ಪುಸ್ತಕ ಬಂದ ಮೇಲೂ ಅದು ಬಹುಕಾಲ ಮಲಗಿಯೇ ಇತ್ತು. ಕ್ರಿ. ಶ. 700ರ ಸುಮಾರಿಗೆ ಇಂಗ್ಲೆಂಡಿನ ಉತ್ತರ ಭಾಗದ ಕ್ರೈಸ್ತ ಮಠವೊಂದರಲ್ಲಿ ಸಿದ್ಧವಾದ 'ಅಮಿಯಾಟಿನಸ್' ಎಂಬ ಬೈಬಲ್ ಪ್ರತಿಯಲ್ಲಿ ಒಂದು ಚಿತ್ರವಿದೆ. ಎಜ್ರಾ ಎಂಬ ಲಿಪಿಕಾರನು ಕುಳಿತು ಬರೆಯುತ್ತಿದ್ದಾನೆ. ಅವನ ಹಿಂದೆ ಬಾಗಿಲು ತೆರೆದ ಬೀರು. ಅದರ ಹಲಗೆಗಳ ಮೇಲೆ ಪುಸ್ತಕಗಳು ಅಡ್ಡಡ್ಡ ಮಲಗಿವೆ. ಕೈಬರಹದ ಪುಸ್ತಕವೆಂದರೆ ಎಷ್ಟೋ ಕುರಿಗಳ, ಕರುಗಳ ಚರ್ಮ, ಎಷ್ಟೋ ತಿಂಗಳ ಶ್ರಮ. ಆದ್ದರಿಂದ ಅದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕಾಪಾಡುತ್ತಿದ್ದರು.

ಪೆಟ್ಟಿಗೆಯಲ್ಲಿ ಪುಸ್ತಕ ಸುರಕ್ಷಿತವೇನೋ ಹೌದು, ಆದರೆ ಓದುವವನಿಗೆ ದೂರ. ಹೊರಗಿಟ್ಟರೆ ಓದುವವನಿಗೆ ಹತ್ತಿರ, ಕಳ್ಳನಿಗೂ ಹತ್ತಿರ. ಈ ಸಂದಿಗ್ಧಕ್ಕೆ ಅವರು ಕಂಡ ಪರಿಹಾರ ಸರಪಣಿ. ಇಟಲಿಯ ಚೆಸೇನಾ ಎಂಬ ಊರಿನಲ್ಲಿ 1454ರಲ್ಲಿ ಆರಂಭವಾದ ಮಲತೆಸ್ತ ಗ್ರಂಥಾಲಯದಲ್ಲಿ ಇಂದಿಗೂ ಸಾಲು ಮೇಜುಗಳಿಗೆ ಪುಸ್ತಕಗಳನ್ನು ಸರಪಣಿಯಿಂದ ಬಿಗಿದಿರುವುದನ್ನು ನೋಡಬಹುದು. ಮೇಜಿನ ಮೇಲೆ ಮಲಗಿಸಿದರೆ ಪುಸ್ತಕ ಬಹಳ ಜಾಗ ಹಿಡಿಯುತ್ತದೆ. ಮುದ್ರಣ ಬಂದು ಪುಸ್ತಕ ಹೆಚ್ಚಿದಂತೆ ಮೇಜಿನ ಮೇಲ್ಗಡೆ ಹಲಗೆ ಹೊಡೆದು ಪುಸ್ತಕವನ್ನು ಎಬ್ಬಿಸಿ ನಿಲ್ಲಿಸಿದರು. ಇಂಗ್ಲೆಂಡಿನ ಹೆರಿಫರ್ಡ್ ನಗರದ ದೇವಾಲಯದಲ್ಲಿ 1611ರ ಅಂತಹ ಕಪಾಟುಗಳು ಸರಪಣಿ, ಸರಳು, ಬೀಗಗಳ ಸಮೇತ ಉಳಿದಿವೆ. ಅಲ್ಲಿ ಪುಸ್ತಕದ ಬೆನ್ನು ಗೋಡೆಯ ಕಡೆಗಿದ್ದು, ಹಾಳೆಗಳ ಅಂಚು ನಮ್ಮ ಕಡೆಗಿರುತ್ತದೆ. ಸರಪಣಿಯನ್ನು ರಟ್ಟಿನ ಮುಂದಿನ ಅಂಚಿಗೆ ಬಿಗಿದಿರುವುದರಿಂದ, ತಿರುಗಿಸದೆ ನೇರವಾಗಿ ಇಳಿಸಿ ಬಿಡಿಸಲು ಇದೇ ಅನುಕೂಲ. ಇಂದು ನಾವು ಸಹಜವೆಂದು ಭಾವಿಸುವ, ಹೆಸರು ಬರೆದ ಬೆನ್ನನ್ನು ಹೊರಕ್ಕೆ ಮಾಡಿ ನಿಲ್ಲಿಸುವ ಪದ್ಧತಿ, ಸರಪಣಿ ಕಳಚಿದ ಮೇಲೆ ರೂಢಿಗೆ ಬಂದದ್ದು.

ಉಳಿದ ಮನೆ, ಚೆದುರಿದ ಮನೆ

ಇನ್ನು ಖಾಸಗಿ ಗ್ರಂಥಾಲಯಗಳ ವಿಷಯ. ಇಲ್ಲಿ ಇಬ್ಬರನ್ನು ಹೋಲಿಸಿ ನೋಡಬೇಕು.

ಮೊದಲನೆಯವನು ಫ್ರಾನ್ಸಿನ ಮೊಂತೇನ್. ಪ್ರಬಂಧವೆಂಬ ಸಾಹಿತ್ಯ ಪ್ರಕಾರಕ್ಕೆ ಹೆಸರು ಕೊಟ್ಟವನು. 1571ರಲ್ಲಿ ಅಧಿಕಾರದಿಂದ ನಿವೃತ್ತನಾಗಿ ತನ್ನ ಮನೆಯ ಗೋಪುರದ ಮೂರನೆಯ ಅಂತಸ್ತನ್ನು ಗ್ರಂಥಾಲಯವನ್ನಾಗಿ ಮಾಡಿಕೊಂಡನು. ಹದಿನಾರು ಹೆಜ್ಜೆ ಅಗಲದ ದುಂಡನೆಯ ಕೋಣೆ; ಮೂರು ದಿಕ್ಕಿಗೆ ಕಿಟಕಿಗಳು; ಗೋಡೆಯನ್ನು ಬಳಸಿ ಐದು ಸಾಲು ಹಲಗೆ. ನಡುವೆ ಕುಳಿತರೆ ಸುಮಾರು ಒಂದು ಸಾವಿರ ಪುಸ್ತಕಗಳೂ ಒಂದೇ ನೋಟಕ್ಕೆ ಕಾಣುತ್ತಿದ್ದವು. ಕೋಣೆಯ ಏರ್ಪಾಡಿನಲ್ಲಿ ಇದಕ್ಕಿಂತ ಸೊಗಸಾದುದನ್ನು ಕಾಣುವುದು ಕಷ್ಟ. ಆದರೆ 1592ರಲ್ಲಿ ಅವನು ತೀರಿಕೊಂಡ ಮೇಲೆ ಪುಸ್ತಕಗಳು ಮಗಳ ಕೈಯಿಂದ ಇನ್ನೊಬ್ಬರಿಗೆ ಹೋದವು, ಅಲ್ಲಿಂದ ಚೆದುರಿದವು. ಇಂದು ಅವನವೆಂದು ಗುರುತು ಹಿಡಿದಿರುವವು ಸುಮಾರು ನೂರು ಮಾತ್ರ. ಗೋಪುರವಿದೆ, ತೊಲೆಗಳ ಮೇಲೆ ಅವನು ಬರೆಸಿದ ಗ್ರೀಕ್, ಲ್ಯಾಟಿನ್ ಸೂಕ್ತಿಗಳಿವೆ, ಹಲಗೆಗಳಿಲ್ಲ, ಪುಸ್ತಕಗಳಿಲ್ಲ.

ಎರಡನೆಯವನು ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್. ಪಾಂಡಿತ್ಯದಲ್ಲಿ ಮೊಂತೇನನಿಗೆ ಸಮನಲ್ಲ; ನೌಕಾದಳದ ಕಚೇರಿಯಲ್ಲಿದ್ದ ಶಿಸ್ತಿನ ಅಧಿಕಾರಿ. 1666ರ ವೇಳೆಗೆ ಅವನ ಪುಸ್ತಕಗಳು ಹೆಚ್ಚಿ, ಕುರ್ಚಿಗಳ ಮೇಲೆ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಆ ಬೇಸಗೆಯಲ್ಲಿ ಅವನು ಸಿಂಪ್ಸನ್ ಎಂಬ ಬಡಗಿಯನ್ನು ಕರೆಸಿ, ಜೊತೆಯಲ್ಲಿ ಕುಳಿತು ಅಳತೆ ಹಾಕಿ, ಓಕ್ ಮರದ, ಗಾಜಿನ ಬಾಗಿಲಿನ ಕಪಾಟುಗಳನ್ನು ಮಾಡಿಸಿದನು. ಕಪಾಟು ಬಂದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 2ರಂದು, ಲಂಡನ್ನಿನ ಮಹಾ ಅಗ್ನಿಕಾಂಡ ಆರಂಭವಾಯಿತು. ಅವನು ತನ್ನ ಸಾಮಾನುಗಳನ್ನು ಬಂಡಿಯಲ್ಲಿ ಹೇರಿ ಊರಾಚೆ ಸಾಗಿಸಿ ಉಳಿಸಿಕೊಂಡನು. ಮುಂದೆ ಕಪಾಟುಗಳು ಹನ್ನೆರಡಾದವು, ಪುಸ್ತಕಗಳು ಮೂರು ಸಾವಿರವಾದವು. ಎಲ್ಲಕ್ಕಿಂತ ಚಿಕ್ಕ ಪುಸ್ತಕಕ್ಕೆ 1 ಎಂದೂ ಎಲ್ಲಕ್ಕಿಂತ ದೊಡ್ಡದಕ್ಕೆ 3000 ಎಂದೂ ಗಾತ್ರದ ಕ್ರಮದಲ್ಲಿ ಸಂಖ್ಯೆ ಕೊಟ್ಟನು. ಸಾಲು ಸಮನಾಗಿ ಕಾಣಲೆಂದು ಗಿಡ್ಡ ಪುಸ್ತಕಗಳ ಕೆಳಗೆ ಸಣ್ಣ ಮರದ ತುಂಡುಗಳನ್ನು ಇಡಿಸಿದನು.

ಇವೆಲ್ಲಕ್ಕಿಂತ ಮುಖ್ಯವಾದುದು ಅವನ ಮರಣಶಾಸನ. ಪುಸ್ತಕಗಳು ಸೋದರಳಿಯನ ಜೀವಿತಕಾಲದವರೆಗೆ ಅವನಲ್ಲಿರಬೇಕು, ಅನಂತರ ಕೇಂಬ್ರಿಜ್‌ನ ತಾನು ಓದಿದ ಮಾಡ್ಲಿನ್ ಕಾಲೇಜನ್ನು ಸೇರಬೇಕು, ಒಂದನ್ನೂ ಸೇರಿಸಕೂಡದು, ಒಂದನ್ನೂ ತೆಗೆಯಕೂಡದು, ತಪ್ಪಿದರೆ ನೆರೆಯ ಟ್ರಿನಿಟಿ ಕಾಲೇಜು ಅವನ್ನು ವಶಪಡಿಸಿಕೊಳ್ಳಬಹುದು ಎಂದು ಏರ್ಪಡಿಸಿದನು. ಒಬ್ಬರ ಮೇಲೊಬ್ಬರು ಕಣ್ಣಿಟ್ಟರೆ ಇಬ್ಬರೂ ನೆಟ್ಟಗಿರುತ್ತಾರೆಂಬ ಲೋಕಜ್ಞಾನ ಅವನದು. 1703ರಲ್ಲಿ ಅವನು ತೀರಿಕೊಂಡನು. 1724ರಲ್ಲಿ ಪುಸ್ತಕಗಳು ಕಾಲೇಜಿಗೆ ಬಂದವು. ಆ ಮೂರು ಸಾವಿರ ಪುಸ್ತಕಗಳೂ ಆ ಹನ್ನೆರಡು ಕಪಾಟುಗಳೂ ಇಂದಿಗೂ ಅಲ್ಲಿಯೇ ಇವೆ.

ಮೊಂತೇನನು ಕೋಣೆಯನ್ನು ಅಳೆದನು. ಪೀಪ್ಸನು ಕೋಣೆಯನ್ನು ಅಳೆದುದಲ್ಲದೆ ತನ್ನ ನಂತರದ ಕಾಲವನ್ನೂ ಅಳೆದನು. ಮನೆಯಲ್ಲಿ ಗ್ರಂಥಾಲಯವನ್ನು ಯೋಜಿಸುವವರು ನೆನಪಿಡಬೇಕಾದ ಅಂತರ ಇದು.

ಮೂರನೆಯ ಒಂದು ನಿದರ್ಶನವನ್ನು ಸಂಕ್ಷೇಪವಾಗಿ ಹೇಳಬೇಕು. ಅಮೆರಿಕದ ಅಧ್ಯಕ್ಷನಾಗಿದ್ದ ಜೆಫರ್‌ಸನ್ನನು ತನ್ನ ಪುಸ್ತಕಗಳಿಗಾಗಿ ಪೈನ್ ಮರದ ಪೆಟ್ಟಿಗೆಗಳನ್ನು ಮಾಡಿಸಿ, ಒಂದರ ಮೇಲೊಂದು ಪೇರಿಸಿ ಕಪಾಟಾಗಿ ಬಳಸುತ್ತಿದ್ದನು. 1814ರಲ್ಲಿ ಇಂಗ್ಲಿಷ್ ಸೈನ್ಯ ವಾಷಿಂಗ್ಟನ್ನಿನ ಸಂಸತ್ತಿನ ಗ್ರಂಥಾಲಯವನ್ನು ಸುಟ್ಟಿತು. ಆಗ ಜೆಫರ್‌ಸನ್ನನು ತನ್ನ 6,487 ಸಂಪುಟಗಳನ್ನು 23,950 ಡಾಲರಿಗೆ 1815ರಲ್ಲಿ ದೇಶಕ್ಕೆ ಕೊಟ್ಟನು. ಪುಸ್ತಕಗಳನ್ನು ಇಳಿಸುವ ಅಗತ್ಯವೇ ಬೀಳಲಿಲ್ಲ. ಪೆಟ್ಟಿಗೆಗಳ ಮುಂಭಾಗಕ್ಕೆ ಹಲಗೆ ಹೊಡೆದು ಇದ್ದ ಕ್ರಮದಲ್ಲಿಯೇ ಬಂಡಿಗಳಲ್ಲಿ ಸಾಗಿಸಿದರು. ಊರಿಂದೂರಿಗೆ ವರ್ಗವಾಗುವ ನಮ್ಮ ನೌಕರ ಭಕ್ತರು ಈ ಉಪಾಯವನ್ನು ಗಮನಿಸಬಹುದು.

ನಮ್ಮದೇ ತಪ್ಪು

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರುತ್ತೇವೆ. ವಿಶ್ವವಿದ್ಯಾನಿಲಯದ ಅಧ್ಯಯನ ಮುಗಿಸಿ ನಾವು ಮಠಕ್ಕೆ ಮರಳಿದ ಹೊಸತು. ಉತ್ಸಾಹ ಹೆಚ್ಚು, ಅನುಭವ ಕಡಿಮೆ. ಗ್ರಂಥಗಳಿಗೆ ಭವ್ಯವಾದ ಏರ್ಪಾಡಾಗಬೇಕೆಂದು ಪಶ್ಚಿಮದ ಗೋಡೆಯುದ್ದಕ್ಕೂ ಏಳು ಅಡಿ ಉದ್ದದ ಹಲಗೆಗಳನ್ನು ನಡುವೆ ಆಸರೆಯಿಲ್ಲದೆ ಹಾಕಿಸಿದೆವು. ಬಡಗಿ, "ಬುದ್ಧೀ, ಮಧ್ಯೆ ಒಂದು ಆಸರೆ ಬೇಕು" ಎಂದನು. ಅಂದಗೆಡುವುದೆಂದು ನಾವು ಒಪ್ಪಲಿಲ್ಲ. ಹಲಗೆಯನ್ನು ಗೋಡೆಗೆ ಒತ್ತಿ ಕೂರಿಸಿ, ಮುಂದೆ ಮರದ ಬಾಗಿಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ನಾವೇ ಇಟ್ಟುಕೊಂಡೆವು. ನಮ್ಮ ಹಿರಿಯ ಗುರುಗಳು ತಮ್ಮ ವಿದ್ಯಾರ್ಥಿದೆಸೆಯಲ್ಲಿ ಶಬ್ದಮಣಿದರ್ಪಣವನ್ನು ಪಾಠ ಹೇಳಿಸಿಕೊಳ್ಳುವಾಗ ಬರೆದುಕೊಂಡ ಹದಿನಾಲ್ಕು ಪುಸ್ತಕಗಳಿದ್ದವು. ಅವು ಅಮೂಲ್ಯವೆಂದು ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಒಳಗೆ ಇಟ್ಟೆವು.

ಒಂದು ವರ್ಷದಲ್ಲಿ ಹಲಗೆಗಳು ತೊಟ್ಟಿಲಿನಂತೆ ಬಾಗಿದವು, ಬಾಗಿಲು ಹಿಡಿದುಕೊಂಡಿತು. ಆ ಮೇಲೆ ತೆರೆಯುವುದೇ ಕಡಿಮೆಯಾಯಿತು. ಎರಡನೆಯ ಮಳೆಗಾಲ ಕಳೆದು ಒಂದು ದಿನ ಪ್ರಯಾಸದಿಂದ ತೆರೆದಾಗ ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡಿತು. ಗುರುಗಳ ಪುಸ್ತಕಗಳ ರಟ್ಟು ಇದ್ದಂತೆಯೇ ಇತ್ತು. ಬಿಡಿಸಿದರೆ ಒಳಗೆ ಹಾಳೆಗೆ ಬದಲು ಮಣ್ಣು. ಹದಿನಾಲ್ಕರಲ್ಲಿ ಮೂರು ಉಳಿದವು. ಗುರುಗಳು ಆಗ ಇನ್ನೂ ಇದ್ದರು. ಆ ರಟ್ಟುಗಳನ್ನು ಮುಂದಿಟ್ಟು ನಿಂತೆವು. ಅವರು ಬಹಳ ಹೊತ್ತು ನೋಡಿ, "ವಾರಕ್ಕೊಮ್ಮೆ ತೆಗೆದು ನೋಡಿದ್ದರೆ ಸಾಕಿತ್ತಲ್ಲ, ಮರಿ" ಎಂದಷ್ಟೇ ನುಡಿದರು. ಮತ್ತೆಂದೂ ಆ ವಿಷಯವನ್ನು ಎತ್ತಲಿಲ್ಲ. ಸಿಸೆರೊವಿನ ಪತ್ರವೂ ವಿಟ್ರೂವಿಯಸನ ವಿಧಿಯೂ ನಮಗೆ ಆಗಲೇ ಗೊತ್ತಿದ್ದವು, ಪರೀಕ್ಷೆಗೆಂದು ಓದಿದ್ದೆವು.

ಅಳತೆಯ ಮಾತು

ಈ ಕಾರಣದಿಂದ, ಮನೆ ಕಟ್ಟುವ ಭಕ್ತರಿಗೆ ಕೆಲವು ವ್ಯಾವಹಾರಿಕ ಸೂಚನೆಗಳನ್ನು ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಗೋಡೆ. ಮಳೆ ಹೊಡೆಯುವ ಪಶ್ಚಿಮ, ದಕ್ಷಿಣದ ಹೊರಗೋಡೆಗಳು ಬೇಡ. ಬಚ್ಚಲಿಗೆ ತಗಲಿದ ಗೋಡೆಯೂ ಬೇಡ. ಎರಡು ಕೋಣೆಗಳ ನಡುವಿನ ಒಳಗೋಡೆ ಅತ್ಯುತ್ತಮ. ನೇರ ಬಿಸಿಲು ಪುಸ್ತಕದ ಮೇಲೆ ಬೀಳಬಾರದು. ಕಪಾಟಿನ ಬೆನ್ನಿಗೂ ಗೋಡೆಗೂ ಎರಡು ಅಂಗುಲ, ಕೆಳಗಿನ ಹಲಗೆಗೂ ನೆಲಕ್ಕೂ ನಾಲ್ಕರಿಂದ ಆರು ಅಂಗುಲ ಅಂತರವಿರಲಿ. ಗಾಳಿ ಆಡುತ್ತದೆ, ಗೆದ್ದಲು ಹತ್ತಿದರೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ.

ಎರಡನೆಯದು ಹಲಗೆಯ ಉದ್ದ. ಪುಸ್ತಕದ ಭಾರವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಒಂದಡಿ ಉದ್ದಕ್ಕೆ ಒತ್ತಾಗಿ ನಿಲ್ಲಿಸಿದ ಪುಸ್ತಕ ಸುಮಾರು 10 ಕಿಲೋ ತೂಗುತ್ತದೆ. ಮೂರಡಿಯ ಆರು ಹಲಗೆ ತುಂಬಿದರೆ 180 ಕಿಲೋ. ಹಲಗೆಯ ಉದ್ದವನ್ನು ಇಮ್ಮಡಿ ಮಾಡಿ ಪೂರ್ತಿ ತುಂಬಿದರೆ ಬಾಗು ಇಮ್ಮಡಿಯಲ್ಲ, ಹದಿನಾರರಷ್ಟಾಗುತ್ತದೆ. ದಪ್ಪವನ್ನು ಇಮ್ಮಡಿ ಮಾಡಿದರೆ ಬಾಗು ಎಂಟರಲ್ಲಿ ಒಂದಂಶಕ್ಕೆ ಇಳಿಯುತ್ತದೆ. ನಮ್ಮ ಏಳಡಿಯ ಹಲಗೆ ಏಕೆ ತೊಟ್ಟಿಲಾಯಿತೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಆದಕಾರಣ ಮುಕ್ಕಾಲು ಅಂಗುಲದ ಹಲಗೆಯಾದರೆ ಆಸರೆಯಿಂದ ಆಸರೆಗೆ ಮೂರಡಿ ಮೀರಬಾರದು. ಮುಂದಿನ ಅಂಚಿಗೆ ಒಂದೂವರೆ ಅಂಗುಲದ ಪಟ್ಟಿ ಹೊಡೆಸಿದರೆ ಇನ್ನೂ ಬಲ. ಮರದ ಪುಡಿಯನ್ನು ಅಂಟು ಬೆರೆಸಿ ಒತ್ತಿದ ಅಗ್ಗದ ಹಲಗೆ ಬೇಗ ಬಾಗುತ್ತದೆ. ಅದಕ್ಕೆ ಎರಡಡಿ ಸಾಕು. ಇಂಗ್ಲೆಂಡಿನ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಪುಸ್ತಕಗಳಿಗೆ ವಸತಿ ಮಾಡುವುದನ್ನು ಕುರಿತು 1890ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾನೆ. ಅವನು ಹೇಳಿದ ಹಲಗೆಯ ಉದ್ದವೂ ಮೂರೇ ಅಡಿ.

ಮೂರನೆಯದು ಆಳ ಮತ್ತು ಎತ್ತರ. ನಮ್ಮ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಡೆಮಿ ಅಷ್ಟದಳ ಅಥವಾ ಕ್ರೌನ್ ಅಷ್ಟದಳ ಆಕಾರದವು. ಎಂಟೂವರೆ ಅಂಗುಲಕ್ಕಿಂತ ಎತ್ತರದವು ಕಡಿಮೆ. ಅವಕ್ಕೆ ಒಂಬತ್ತು ಅಂಗುಲ ಆಳ, ಹಲಗೆಯಿಂದ ಹಲಗೆಗೆ ಹತ್ತು ಅಂಗುಲ ಅಂತರ ಸಾಕು. ಆಳ ಹೆಚ್ಚಾದರೆ ಹಿಂದೊಂದು ಸಾಲು, ಮುಂದೊಂದು ಸಾಲು ಇಡುವ ಚಪಲ ಹುಟ್ಟುತ್ತದೆ. ಹಿಂದಿನ ಸಾಲು ಮರೆತುಹೋಗುತ್ತದೆ. ನಿಘಂಟು, ವಿಶ್ವಕೋಶಗಳಿಗೆ ಕೆಳಗಿನ ಸಾಲನ್ನು ಹದಿನಾಲ್ಕು ಅಂಗುಲ ಎತ್ತರ, ಹನ್ನೆರಡು ಅಂಗುಲ ಆಳ ಮಾಡಿಸಿರಿ. ಭಾರ ಕೆಳಗಿದ್ದರೆ ಕಪಾಟು ಸ್ಥಿರವಾಗಿರುತ್ತದೆ. ಮೇಲ್ತುದಿಯನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಸುವುದನ್ನು ಮರೆಯಬಾರದು. ಮನೆಯಲ್ಲಿ ಏರುವ ಮಕ್ಕಳಿರುತ್ತಾರೆ.

ನಾಲ್ಕನೆಯದು ಬೆಳವಣಿಗೆ. ಭಾರತದಲ್ಲಿ ಗ್ರಂಥಾಲಯ ಶಾಸ್ತ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕವಿರುವುದು ಉಪಯೋಗಕ್ಕೆ ಎಂಬುದು; ಕೊನೆಯದು ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಅವರು ನಮಗೆ ಪರಕೀಯರಲ್ಲ. ಆ ಎರಡು ಸೂತ್ರಗಳನ್ನು ಮನೆಗೆ ಅನ್ವಯಿಸಿದರೆ ಬರುವುದು ಇಷ್ಟು: ಎತ್ತರ ಕೈಗೆ ಎಟುಕುವಷ್ಟೇ ಇರಲಿ, ಬೀಗ ಬೇಡ, ಪ್ರತಿ ಸಾಲಿನಲ್ಲಿ ಕಾಲುಭಾಗ ಖಾಲಿಯಿರಲಿ. ಮೂರಡಿಯ ಸಾಲಿಗೆ ಇಪ್ಪತ್ತೈದು ಪುಸ್ತಕವೆಂದು ಲೆಕ್ಕ ಹಿಡಿದರೆ ಆರು ಸಾಲಿನ ಒಂದು ಕಪಾಟಿಗೆ 150 ಪುಸ್ತಕ. ಮನೆಯಲ್ಲಿರುವುದನ್ನು ಮೊದಲು ಎಣಿಸಿ, ಅನಂತರ ಬಡಗಿಯನ್ನು ಕರೆಯಿಸಿರಿ. ಅವನು ಆಸರೆ ಬೇಕೆಂದರೆ ಕೇಳಿರಿ.

ಕೊನೆಯದು ಪಟ್ಟಿ. ಒಂದು ಹಾಳೆಯಲ್ಲಿ ಪುಸ್ತಕಗಳ ಹೆಸರನ್ನೂ, ನಿಮ್ಮ ಅನಂತರ ಅವು ಯಾರಿಗೆ ಸೇರಬೇಕೆಂಬುದನ್ನೂ ಬರೆದಿಡಿರಿ. ಮಗಳಿಗೋ, ಊರಿನ ಶಾಲೆಗೋ, ವಾಚನಾಲಯಕ್ಕೋ, ಯಾವುದಾದರೂ ಸರಿ. ಹೊಲ ಗದ್ದೆಗೆ ಬರೆಯುವವರು ಪುಸ್ತಕಕ್ಕೆ ಬರೆಯಬಾರದೇಕೆ?

ಆ ಭಕ್ತರು ದೀಪಾವಳಿ ಕಳೆದ ಮೇಲೆ ಮತ್ತೆ ಬಂದಿದ್ದರು. ನಕ್ಷೆಯನ್ನು ತಿದ್ದಿಸಿ, ನಡುಮನೆಯ ಒಳಗೋಡೆಗೆ ಮೂರಡಿಯ ನಾಲ್ಕು ಕಪಾಟುಗಳನ್ನು ಮಾಡಿಸಿದ್ದಾರೆ. ಮೂಟೆಗಳನ್ನು ಬಿಚ್ಚಿ ವಿಂಗಡಿಸಲು ಅವರಿಗೂ ಅವರ ಮಗಳಿಗೂ ಎರಡು ವಾರ ಹಿಡಿಯಿತಂತೆ. ಹಳೆಯ ಪಂಚಾಂಗ, ಎರಡೆರಡು ಪ್ರತಿ, ತಿಂದು ಹಾಳಾದವು ಹೋಗಿ ಐದುನೂರಕ್ಕೆ ಸ್ವಲ್ಪ ಕಡಿಮೆ ಉಳಿದವಂತೆ. ತಂದೆಯವರು ಪೆನ್ಸಿಲಿನಲ್ಲಿ ಗುರುತು ಮಾಡಿದ ಸಾಲುಗಳನ್ನು ಮಗಳು ಓದಿ ಓದಿ ಅಜ್ಜನ ವಿಷಯ ಕೇಳುತ್ತಾಳಂತೆ. ಹೊರಡುವಾಗ ಚೀಲದಿಂದ ಒಂದು ಪುಸ್ತಕ ತೆಗೆದು ಪಾದದ ಬಳಿ ಇಟ್ಟು, "ಬುದ್ಧೀ, ಇದು ಮಠದ್ದು. ಅಪ್ಪ ತಂದವರು ಹಿಂದಕ್ಕೆ ಕೊಟ್ಟೇ ಇಲ್ಲ" ಎಂದರು. ಒಳಪುಟದಲ್ಲಿ ನಮ್ಮ ಗ್ರಂಥಾಲಯದ ಮೊಹರು, ಅದರ ಕೆಳಗೆ 1978ರ ಒಂದು ತಾರೀಖು.

ಹನ್ನೊಂದು ಮೂಟೆಯೂ ಅಂದು ಹಾಗೆಯೇ ಮಠಕ್ಕೆ ಬಂದಿದ್ದರೆ ಆ ಪುಸ್ತಕ ಇನ್ನೂ ಮೂಟೆಯಲ್ಲಿಯೇ ಇರುತ್ತಿತ್ತು. ಅದನ್ನು ಸ್ವೀಕರಿಸಿ, ಅದರ ಸಂಖ್ಯೆಯ ಸ್ಥಳದಲ್ಲಿ ನಿಲ್ಲಿಸಿದ್ದೇವೆ. ಈಗ ನಮ್ಮ ಗ್ರಂಥಾಲಯ ಪೂರ್ವದ ಕೋಣೆಯಲ್ಲಿದೆ, ಹಲಗೆಗಳು ಮೂರಡಿಯವು, ಬೀಗವಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ವಿದ್ಯಾರ್ಥಿಗಳ ಜೊತೆಯಲ್ಲಿ ನಾವೂ ಒಂದು ಸಾಲನ್ನು ತೆಗೆದು ಒರೆಸಿ ಇಡುತ್ತೇವೆ. ಗುರುಗಳ ಆ ಮೂರು ಪುಸ್ತಕಗಳು ಕಣ್ಣಿನ ಮಟ್ಟದ ಸಾಲಿನಲ್ಲಿವೆ. ಬಂದವರು ಕೇಳಿದರೆ ತೆಗೆದು ಕೊಡುತ್ತೇವೆ.

ನಿಮ್ಮ ಮನೆಗಳಲ್ಲಿಯೂ ಪುಸ್ತಕಕ್ಕೊಂದು ಗೋಡೆ ಏಳಲಿ, ಅದರ ಮುಂದೆ ಕುಳಿತು ಓದುವ ಮಕ್ಕಳು ಬೆಳೆಯಲಿ ಎಂದು ಹರಸುತ್ತೇವೆ.